ಹುಡುಗನ ಎರಡು ಬೆರಳು ಹೋಯ್ತು, "ಅವನದೇ ತಪ್ಪು" ಅಂತ ನನ್ನ ಸಹಿ ಕೇಳ್ತಿದಾರೆ. ಹಾಕಲಾ?

ಪ್ರೆಸ್‌ಶಾಪ್ ಪೀಣ್ಯ | 14 ಜುಲೈ 2024, ಭಾನುವಾರ, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನಾಳೆ ಬೆಳಗ್ಗೆ ಒಂಬತ್ತಕ್ಕೆ ನಾನೊಂದು ಕಾಗದಕ್ಕೆ ಸಹಿ ಹಾಕಬೇಕಂತೆ. ಅಷ್ಟರೊಳಗೆ ತಿಳಿದೋರು ಯಾರಾದ್ರೂ ಹೇಳಿದ್ರೆ ಉಪಕಾರ.

ನಾನು ಚನ್ನರಾಯಪಟ್ಟಣದ ಕಡೆಯೋನು, ಐಟಿಐ ಫಿಟ್ಟರ್. ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ ಶಾಪ್‌ನಲ್ಲಿ ಹನ್ನೊಂದು ವರ್ಷದಿಂದ ಇದೀನಿ. ಈಗ ನಾಲ್ಕು ವರ್ಷದಿಂದ ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್. ಒಂಬತ್ತು ಪವರ್ ಪ್ರೆಸ್ (ತಗಡನ್ನ ಒತ್ತಿ ಆಕಾರ ಕೊಡೋ ಮೆಷಿನ್) ಇದಾವೆ, ಹತ್ತು ಟನ್ನಿಂದ ಐವತ್ತು ಟನ್ ತನಕ. ಸೀಟ್ ಬ್ರಾಕೆಟ್, ಕ್ಲಾಂಪ್, ವಾಷರ್ ಮಾಡ್ತೀವಿ. ದೊಡ್ಡ ಕಂಪನಿಗೆ ನಾವು ನೇರ ಕೊಡಲ್ಲ. ಅವರಿಗೆ ಸೀಟು ಕೊಡೋರು ಬೇರೆ, ಆ ಸೀಟಿನೋರಿಗೆ ಫ್ರೇಮ್ ಕೊಡೋರು ಬೇರೆ, ಆ ಫ್ರೇಮಿನೋರಿಗೆ ನಾವು ಬ್ರಾಕೆಟ್ ಕೊಡೋದು. ಮೇಲಿಂದ ರೇಟು ಇಳಿಯುತ್ತಾ ಇಳಿಯುತ್ತಾ ನಮ್ಮ ಹತ್ರ ಬರೋ ಹೊತ್ತಿಗೆ ಪೈಸೆ ಲೆಕ್ಕ.

ನಾನು ಸೇರಿದಾಗ ಆಪರೇಟರ್‌ಗಳೆಲ್ಲ ಕುಣಿಗಲ್ಲು, ಮಂಡ್ಯ, ನಮ್ಮ ಹಾಸನದೋರೇ. ಈಗ ನನ್ನ ಶಿಫ್ಟಲ್ಲಿ 14 ಜನ ಇದ್ರೆ 11 ಜನ ಹೊರಗಿನೋರು: ಒಡಿಶಾ, ಜಾರ್ಖಂಡ್, ಇಬ್ಬರು ಅಸ್ಸಾಂ. ಎಲ್ಲ ಕಾಂಟ್ರಾಕ್ಟರ್ ಕಡೆಯಿಂದ. ಹೆಗ್ಗನಹಳ್ಳಿಯಲ್ಲಿ ಒಂದೊಂದು ರೂಮಿಗೆ ಆರಾರು ಜನ.

ಗುರುವಾರ ರಾತ್ರಿ ಎಂಟು ನಲವತ್ತು. ನಾಲ್ಕನೇ ನಂಬರ್ ಪ್ರೆಸ್, 30 ಟನ್. ಒಡಿಶಾದ ಬಲಾಂಗೀರ್ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ. ಬ್ಲಾಂಕು, ಅಂದ್ರೆ ಕತ್ತರಿಸಿದ ತಗಡಿನ ತುಂಡು, ಡೈ (ಅಚ್ಚು) ಒಳಗೆ ಕಚ್ಚಿಕೊಂಡಿತ್ತು. ಅದನ್ನ ಎತ್ತೋಕೆ ಬಲಗೈ ಹಾಕಿದಾನೆ, ಮೇಲಿಂದ ಹೊಡೆಯೋ ರ್‍ಯಾಮ್ ಇಳಿದಿದೆ. ತೋರುಬೆರಳಲ್ಲಿ ಎರಡು ಗೆಣ್ಣು, ನಡುಬೆರಳಲ್ಲಿ ಒಂದು. ಕಿರುಚಲೇ ಇಲ್ಲ. ನಾನು ಆರನೇ ಪ್ರೆಸ್ ಹತ್ರ ಇದ್ದೆ, ಸದ್ದು ನಿಂತಿದ್ದಕ್ಕೆ ತಿರುಗಿ ನೋಡಿದ್ದು. ಒಂದೊಂದು ಪ್ರೆಸ್‌ಗೂ ಒಂದು ತಾಳ ಇರುತ್ತೆ, ಕೆಲಸ ಮಾಡೋರಿಗೆ ಗೊತ್ತು. ನಾಲ್ಕರ ತಾಳ ತಪ್ಪಿತು.

ಹತ್ತಿರದ ನರ್ಸಿಂಗ್ ಹೋಮ್‌ಗೆ ನನ್ನ ಗಾಡಿಯಲ್ಲೇ ಕರ್ಕೊಂಡ್ ಹೋದೆ. ಬೆರಳು ಜೋಡಿಸೋಕಾಗಲ್ಲ ಅಂದ್ರು, ಹೊಲಿಗೆ ಹಾಕಿದ್ರು.

ಈಗ ಕಾಗದದ ವಿಷಯ. ಇಂಗ್ಲಿಷಲ್ಲಿ ಟೈಪ್ ಮಾಡಿದಾರೆ. "ಆಪರೇಟರ್ ಸೂಪರ್‌ವೈಸರ್ ಎಚ್ಚರಿಕೆ ಮೀರಿ, ಮೊಬೈಲ್ ನೋಡುತ್ತಾ, ಸುರಕ್ಷತಾ ಸಾಧನವನ್ನು ತಾನೇ ನಿಷ್ಕ್ರಿಯಗೊಳಿಸಿ ಕೆಲಸ ಮಾಡಿದ್ದರಿಂದ" ಅಂತ ಶುರುವಾಗುತ್ತೆ. ಕೆಳಗೆ ಹುಡುಗನ ಹೆಬ್ಬೆಟ್ಟು ಆಗಲೇ ಬಿದ್ದಿದೆ, ಎಡಗೈದು. ಅವನಿಗೆ ಚೆನ್ನಾಗಿ ಸಹಿ ಮಾಡಕ್ಕೆ ಬರುತ್ತೆ ಸ್ವಾಮಿ, ಸಹಿ ಮಾಡೋ ಕೈಗೆ ಬ್ಯಾಂಡೇಜ್ ಇತ್ತು. ಸಾಕ್ಷಿ ಜಾಗದಲ್ಲಿ ನನ್ನ ಹೆಸರು.

ಮೊಬೈಲ್ ಮಾತು ಶುದ್ಧ ಸುಳ್ಳು. ನಮ್ಮಲ್ಲಿ ಶಿಫ್ಟ್ ಶುರುವಿಗೆ ಮೊಬೈಲ್ ಗೇಟಲ್ಲಿ ಕೊಟ್ಟು ಟೋಕನ್ ತಗೋಬೇಕು. ಅವನ ಟೋಕನ್ ನನ್ನ ಜೇಬಲ್ಲೇ ಇದೆ, ಅವತ್ತು ಮೊಬೈಲ್ ಬಿಡಿಸಿಕೊಂಡು ಹೋಗೋಕೆ ಯಾರಿಗೂ ನೆನಪಾಗಲಿಲ್ಲ, ನಾನು ಮಾರನೇ ದಿನ ಮೊಬೈಲ್ ತಗೊಂಡು ಹೋಗಿ ಅವನಿಗೆ ಕೊಟ್ಟೆ. ಕೊಟ್ಟಾಗ ಅದರಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಮೆಸೇಜ್ ಬಂದಿತ್ತು. ಕೆಲಸಕ್ಕೆ ಸೇರಿದ ದಿನ 11 ಜುಲೈ ಅಂತೆ. ಅವನು ನಮ್ಮಲ್ಲಿ ಫೆಬ್ರವರಿಯಿಂದ ಇದಾನೆ.

ಸಹಿ ಹಾಕಿದ್ರೆ ಅವನಿಗೇನಾಗುತ್ತೆ? ಹಾಕದಿದ್ರೆ ನನಗೇನಾಗುತ್ತೆ? ಲಗ್ಗೆರೆಯಲ್ಲಿ ಬಾಡಿಗೆ ಮನೆ, ಮಗಳು ಏಳನೇ ಕ್ಲಾಸು. ಅದನ್ನೂ ಇಟ್ಕೊಂಡೇ ಹೇಳಿ.

---

ಕನ್ನಡಿಗ 560058 | 14 ಜುಲೈ, ರಾತ್ರಿ 9:12

ಭಾಷೆ ಬರದೋರನ್ನ ಕಡಿಮೆ ಸಂಬಳಕ್ಕೆ ಸಿಗ್ತಾರೆ ಅಂತ ಮೆಷಿನ್ ಮೇಲೆ ಕೂರಿಸಿದ್ರೆ ಇನ್ನೇನಾಗುತ್ತೆ? ನಮ್ಮ ಹುಡುಗರಿಗೆ ಕೆಲಸ ಕೊಟ್ಟಿದ್ರೆ ಬೋರ್ಡ್ ಓದಿ ಅರ್ಥ ಮಾಡ್ಕೊಳ್ಳೋರು. ಅವನ ಬಗ್ಗೆ ಅಯ್ಯೋ ಅನ್ಸುತ್ತೆ, ಆದ್ರೆ ನೀವು ನಿಮ್ಮ ಸಂಸಾರ ನೋಡ್ಕೊಳಿ. ಅವನು ನಾಳೆ ಊರಿಗೆ ಹೋಗ್ತಾನೆ, ನೀವು ಇಲ್ಲೇ ಬದುಕಬೇಕು.

---

ಹಳೇ ಡೈ ಸೆಟ್ಟರ್ | 14 ಜುಲೈ, ರಾತ್ರಿ 9:40

560058 ಅವರೇ, ನಾನು ಬೋರ್ಡ್ ಓದಬಲ್ಲೆ. 1994ರಲ್ಲಿ ನನ್ನ ಎಡಗೈ ಉಂಗುರ ಬೆರಳಿನ ತುದಿ ಹೋದಾಗ ಅಚ್ಚ ಕನ್ನಡದ ಬೋರ್ಡ್ ತಲೆ ಮೇಲೇ ಇತ್ತು. ಹತ್ತು ಬೆರಳಿರೋ ಸೆಟ್ಟರನ್ನ ಯಾರೂ ನಂಬಲ್ಲ ಅಂತ ನಮ್ಮ ಮೇಸ್ತ್ರಿ ತಮಾಷೆ ಮಾಡೋರು, ಅವರಿಗೆ ಏಳೂವರೆ ಇತ್ತು.

ಪೀಣ್ಯ ತಮ್ಮ, ನಿನಗೆ ಎರಡು ಮೂರು ಪ್ರಶ್ನೆ. ಆ ಪ್ರೆಸ್ ಪಿನ್ ಕ್ಲಚ್ಚೋ, ಗಾಳಿ ಕ್ಲಚ್ಚೋ? 30 ಟನ್, ಸಣ್ಣ ಶಾಪು ಅಂದ್ರೆ ಪಿನ್ನೇ ಇರಬೇಕು. ಪಿನ್ ಕ್ಲಚ್ ಒಂದು ಸಲ ಕಚ್ಚಿದ್ರೆ ಫ್ಲೈವೀಲು ಒಂದು ಸುತ್ತು ಪೂರಾ ಮುಗಿಸಿಯೇ ಬಿಡೋದು, ನಡುವೆ ಬ್ರಹ್ಮ ಬಂದ್ರೂ ನಿಲ್ಲಲ್ಲ. ಅದಕ್ಕೇ ಲೈಟ್ ಕರ್ಟನ್ (ಬೆಳಕಿಗೆ ಕೈ ಅಡ್ಡ ಬಂದ್ರೆ ಮೆಷಿನ್ ನಿಲ್ಲಿಸೋ ಸಾಧನ) ಮಾರೋಕೆ ಬರೋರ ಮಾತು ಇಂಥ ಪ್ರೆಸ್‌ಗೆ ಕೇಳಬಾರದು. ಕೈ ಒಳಗೆ ಹೋಗಿದ್ದು ಅದಕ್ಕೆ ಗೊತ್ತಾಗುತ್ತೆ ನಿಜ, ಗೊತ್ತಾಗಿ ನಿಲ್ಲಿಸೋದು ಏನನ್ನ? ಇನ್ನು ಸ್ಪ್ರಿಂಗ್ ಸೋತಿದ್ರೆ, ಬ್ರೇಕ್ ಸಡಿಲ ಇದ್ರೆ, ಯಾರೂ ಒತ್ತದೇ ಎರಡನೇ ಸ್ಟ್ರೋಕ್ ತಾನೇ ಬಿದ್ದುಬಿಡುತ್ತೆ. ನಾವು "ಡಬಲ್ ಹೊಡೀತು" ಅಂತೀವಲ್ಲ, ಅದು. ನಿನ್ನ ನಾಲ್ಕನೇ ಪ್ರೆಸ್ ಡಬಲ್ ಹೊಡೆಯೋ ರೂಢಿ ಇದೆಯಾ?

ಇಂಥ ಪ್ರೆಸ್‌ಗೆ ಮದ್ದು ಒಂದೇ. ಡೈ ಸುತ್ತ ಕೂರಿಸೋ ಫಿಕ್ಸೆಡ್ ಗಾರ್ಡ್. ಶೀಟು ನುಗ್ಗೋಷ್ಟು ಸಂದು, ಆರು ಮಿಲಿಮೀಟರು, ಅದರೊಳಗೆ ಬೆರಳು ಹೋಗೋದೇ ಇಲ್ಲ. ಬಿಡಿ ಬ್ಲಾಂಕ್ ಹಾಕೋ ಜಾಬ್ ಆದ್ರೆ ಜಾರು ತಗಡು ಇಟ್ಟು ಒಳಗೆ ಜಾರಿಸೋದು, ಕಚ್ಚಿಕೊಂಡದ್ದನ್ನ ಎತ್ತೋಕೆ ಮ್ಯಾಗ್ನೆಟ್ ಕಡ್ಡಿ. ಡ್ರಾಯಿಂಗ್ ನನ್ನ ಹತ್ರ ಇದೆ, ಅಳತೆ ಕೊಟ್ರೆ ಮಾಡಿಕೊಡ್ತೀನಿ. ಖರ್ಚು ಅಂಥಾದ್ದೇನೂ ಇಲ್ಲ, ಸ್ಕ್ರ್ಯಾಪ್ ಪಟ್ಟಿಯಲ್ಲೇ ಆಗುತ್ತೆ.

ಕೊನೇ ಪ್ರಶ್ನೆ, ಇದನ್ನ ನೀನು ಬರೆದಿಲ್ಲ ಅನ್ನೋದು ನನ್ನ ಕಣ್ಣಿಗೆ ಬಿತ್ತು. ಅವನ ಬಲಗೈ ಡೈ ಒಳಗಿತ್ತು ಅಂದೆ. ಎಡಗೈ ಎಲ್ಲಿತ್ತು? ಆ ಪ್ರೆಸ್‌ಗೆ ಎರಡು ಕೈ ಬಟನ್ ಇದ್ದಿದ್ರೆ ಒಂದು ಕೈಯಲ್ಲಿ ಸ್ಟ್ರೋಕ್ ಬೀಳಬಾರದು. "ಸುರಕ್ಷತಾ ಸಾಧನ ನಿಷ್ಕ್ರಿಯ" ಅಂತ ಕಾಗದದಲ್ಲಿದೆ. ಮಾಡಿದ್ದು ಯಾರು?

---

ಯಾದಗಿರಿ ಟು ಚಾಕಣ | 14 ಜುಲೈ, ರಾತ್ರಿ 10:05

560058 ಅಣ್ಣಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಯಾದಗಿರಿ ಜಿಲ್ಲಾದಾಂವ. ಪುಣೆ ಹತ್ರ ಚಾಕಣದಾಗ ಫೋರ್ಜಿಂಗ್ ಶಾಪಿನ್ಯಾಗ ಆರು ವರ್ಷದಿಂದ ದುಡೀಲಾಕತ್ತೀನಿ. ಇಲ್ಲಿ ನಾನೇ ಹೊರಗಿನಾಂವ. ನೀವು ಒಡಿಶಾದವ್ರಿಗಿ ಅಂದಂಗ ಇಲ್ಲಿ ನನಗ ಅಂತಾರ.

ಬಂದ ಹೊಸದಾಗ ಮರಾಠಿ ಓದ್ಲಿಕ್ಕಿ ಬರ್ತದ, ಅರ್ಥ ಆಗ್ತಿದ್ದಿಲ್ಲ. ನಮ್ಮ ಕಡಿ ಉರ್ದು ಮಾತಾಡ್ತೀವಿ, ಅದರ ಮ್ಯಾಲ ತಿಳ್ಕೊಳ್ಳೂದು. ಹ್ಯಾಮರ್ ಬಾಜೂಕ ಕೆಂಪು ಬೋರ್ಡಿನ ಮ್ಯಾಲ "ಧೋಕಾ" ಅಂತ ಬರ್ದಿದ್ರು. ನಮ್ಮ ಕಡಿ ಧೋಕಾ ಅಂದ್ರ ಮೋಸ. ಯಾರೋ ಮಾಲಕಗ ಮೋಸ ಮಾಡಿ ಓಡಿ ಹೋಗ್ಯಾನ, ಆ ಸಿಟ್ಟಿಗಿ ಬರ್ಸ್ಯಾನ ಅಂತ ನಾ ತಿಳ್ಕೊಂಡಿದ್ದೆ! ಮರಾಠ್ಯಾಗ ಅದು ಅಪಾಯ ಅಂತ ಗೊತ್ತಾಗಲಿಕ್ಕಿ ಮೂರು ವಾರ ಆಯ್ತು. ಆ ಮೂರು ವಾರ ನಾ ಅದೇ ಬೋರ್ಡಿನ ಕೆಳಗ ಕುಂತು ಊಟ ಮಾಡೀನಿ.

ನಮಗ ಹೇಳ್ಕೊಡೋರು ಯಾರ್ರಿ? ಬಂದ ದಿನಾನೇ ಮೆಷಿನ್ ಮ್ಯಾಲ ನಿಂದರಸ್ತಾರ. ಬಾಜೂದಾಂವ ಹ್ಯಾಂಗ ಮಾಡ್ತಾನ ನೋಡಿ ಮಾಡ್ತೀವಿ. ಬಾಜೂದಾಂವ ತಪ್ಪು ಮಾಡಿದ್ರ ನಾವೂ ಅದೇ ಕಲೀತೀವಿ. "ಊರಿಗೆ ಹೋಗ್ತಾನ" ಅಂದ್ರಿ. ಹೌದು, ಹೋಗ್ತಾನ. ಎರಡು ಬೆರಳು ಬಿಟ್ಟು ಹೋಗ್ತಾನ. ಊರಾಗ ಕುಡುಗೋಲು ಹಿಡೀಲಿಕ್ಕಿ ಆಗಂಗಿಲ್ಲ ಅವಗ.

ಪೀಣ್ಯ ಅಣ್ಣಾ, ಸಹಿ ಹಾಕಬ್ಯಾಡ್ರಿ. ಇಷ್ಟೇ.

---

ಲಾಯರಮ್ಮ ತುಮಕೂರು | 14 ಜುಲೈ, ರಾತ್ರಿ 10:48

ನಾನು ಕಾರ್ಮಿಕ ಕೇಸು ನಡೆಸೋಳು. ಗಂಟೆ ಮೀರಿದೆ, ಆದ್ರೂ ಇದನ್ನ ನಾಳೆಗೆ ಬಿಡೋ ಹಾಗಿಲ್ಲ.

ಮೊದಲು ಒಂದು ಭ್ರಮೆ ಬಿಡಿ. "ಅವನದೇ ತಪ್ಪು" ಅಂತ ಬರೆದ್ರೂ ಇಎಸ್‌ಐ ಹಕ್ಕು ಹೋಗಲ್ಲ. 1948ರ ಇಎಸ್‌ಐ ಕಾಯ್ದೆಯ 51ಬಿ ಹೇಳೋದೇ ಅದು: ಕಾರ್ಮಿಕ ನಿಯಮ ಮೀರಿದ್ದರೂ, ಮಾಲೀಕನ ಆದೇಶ ಮೀರಿದ್ದರೂ, ಆ ಕೆಲಸ ಮಾಲೀಕನ ವ್ಯವಹಾರಕ್ಕಾಗಿಯೇ ಮಾಡಿದ್ದಾದರೆ ಅದು ಕೆಲಸದ ಅಪಘಾತವೇ. ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ಪರಿಹಾರ ಇದೆ, ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಅನ್ನೋ ಷರತ್ತು ಕೆಲಸದ ಗಾಯಕ್ಕೆ ಇಲ್ಲ. ಹಾಗಾದ್ರೆ ಈ ಕಾಗದ ಯಾರಿಗೆ? ಕಾರ್ಖಾನೆ ಇಲಾಖೆಗೆ, ಮತ್ತೆ ನಿಮ್ಮ ಮೇಲಿನ ಕಂಪನಿಯ ಆಡಿಟ್‌ಗೆ. 48 ಗಂಟೆ ಮೀರಿ ಕೆಲಸಕ್ಕೆ ಬರಲಾಗದ ಗಾಯವನ್ನ ಇಲಾಖೆಗೆ ತಿಳಿಸಲೇಬೇಕು. ತಿರುಗೋ ಯಂತ್ರಕ್ಕೆ ಗಾರ್ಡ್ ಹಾಕಿ, ಓಡುವಾಗ ಅದು ಜಾಗದಲ್ಲೇ ಇರೋ ಹಾಗೆ ನೋಡಿಕೊಳ್ಳೋ ಹೊಣೆ 1948ರ ಕಾರ್ಖಾನೆ ಕಾಯ್ದೆಯ 21ರಲ್ಲಿ ಕಾರ್ಖಾನೆ ನಡೆಸೋರದ್ದು. ಆ ಹೊಣೆಯನ್ನ ಹುಡುಗನ ತಲೆಗೆ ಕಟ್ಟೋಕೆ ನಿಮ್ಮ ಸಹಿ ಬೇಕಾಗಿದೆ.

ಎರಡನೇದು ಸೇರಿದ ದಿನಾಂಕ. ಇದು ನಾನು ಮತ್ತೆ ಮತ್ತೆ ನೋಡಿರೋ ಆಟ. ಬೆರಳು ಹೋದ ಮೇಲೆ ಇಎಸ್‌ಐ ನಂಬರ್ ಹುಟ್ಟುತ್ತೆ. ಹರಿಯಾಣದ ಮಾನೇಸರ್ ಕಡೆ ಸೇಫ್ ಇನ್ ಇಂಡಿಯಾ ಅನ್ನೋ ಸಂಸ್ಥೆ ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಕೈ ಜಜ್ಜಿಸಿಕೊಂಡವರ ಬಗ್ಗೆ 2019ರಿಂದ ವರದಿ ಮಾಡ್ತಾ ಬಂದಿದೆ. ಅಲ್ಲೂ ಇದೇ ಕಥೆ: ವಲಸೆ ಹುಡುಗರು, ಪವರ್ ಪ್ರೆಸ್, ಅಪಘಾತದ ನಂತರ ಕಾರ್ಡು. ಕಾಂಟ್ರಾಕ್ಟರ್ ಕಟ್ಟಲಿಲ್ಲ ಅಂದ್ರೆ ಮೂಲ ಮಾಲೀಕ ಕಟ್ಟಬೇಕು, ಇಎಸ್‌ಐ ನಿಗಮ ಹುಡುಗನಿಗೆ ಕೊಟ್ಟು ಆಮೇಲೆ ಅವರಿಂದ ವಸೂಲಿ ಮಾಡುತ್ತೆ. ಆದರೆ ದರ ನಿಲ್ಲೋದು ಸಂಬಳದ ಮೇಲೆ. ಅಲ್ಲೇ ನೋಡಿ ಮೋಸ.

ಲೆಕ್ಕ ಹೇಳ್ತೀನಿ. ಗುಣ ಆಗೋ ತನಕ ದಿನಗೂಲಿಯ ನೂರಕ್ಕೆ 90 ಭಾಗ. ಆಮೇಲೆ ವೈದ್ಯಕೀಯ ಮಂಡಳಿ ಶಾಶ್ವತ ಊನ ಎಷ್ಟು ಅಂತ ಹೇಳುತ್ತೆ. ಕಾಯ್ದೆಯ ಪಟ್ಟಿಯಲ್ಲಿ ತೋರುಬೆರಳಿನ ಎರಡು ಗೆಣ್ಣಿಗೆ 11, ನಡುಬೆರಳಿನ ಒಂದು ಗೆಣ್ಣಿಗೆ 7, ಅಂದರೆ ಸುಮಾರು ಶೇ 18. ಓಟಿ ಸೇರಿ ತಿಂಗಳಿಗೆ 17,000 ಬರ್ತಿದ್ದರೆ ಅದರ 90 ಭಾಗ 15,300, ಅದರ ಶೇ 18 ಅಂದ್ರೆ 2,750 ರೂಪಾಯಿಯಷ್ಟು. ಪ್ರತಿ ತಿಂಗಳು, ಅವನು ಬದುಕಿರೋ ತನಕ. ಅದೇ ಕಾಂಟ್ರಾಕ್ಟರ್ ಸಂಬಳ 13,000 ಅಂತ ತೋರಿಸಿದ್ರೆ 2,100. ತಿಂಗಳಿಗೆ ಆರುನೂರ ಐವತ್ತು ರೂಪಾಯಿ ವ್ಯತ್ಯಾಸ, ಇಪ್ಪತ್ತೆರಡರ ಹುಡುಗನಿಗೆ. ಓಟಿ ದುಡ್ಡೂ ವಂತಿಗೆ ಲೆಕ್ಕಕ್ಕೆ ಸಂಬಳವೇ, ಇದನ್ನ ಬಿಡಬೇಡಿ. ಹಣ ಬ್ಯಾಂಕಿಗೇ ಬರುತ್ತೆ, ಬಲಾಂಗೀರಲ್ಲಿ ಕೂತೂ ತಗೋಬಹುದು.

ಹಾಗಾಗಿ ಇವತ್ತು ರಾತ್ರಿಯೇ ಫೆಬ್ರವರಿಯಿಂದ ಅವನ ಮೊಬೈಲಿಗೆ ಬಂದ ಯುಪಿಐ ಸಂಬಳದ ಪಟ್ಟಿ ಫೋಟೋ ತೆಗೆಸಿ. ಗೇಟಿನ ಪುಸ್ತಕ, ಪಂಚಿಂಗ್ ರಿಜಿಸ್ಟರ್, ಆ ಟೋಕನ್. ಟೋಕನ್ ಕಳೀಬೇಡಿ. ಯಾರಾದ್ರೂ "ಎರಡು ಲಕ್ಷಕ್ಕೆ ಸೆಟಲ್ ಮಾಡಿಸ್ತೀನಿ" ಅಂತ ಬಂದ್ರೆ ಹುಡುಗನಿಗೆ ಈ ತಿಂಗಳ ಲೆಕ್ಕ ತೋರಿಸಿ.

ಇನ್ನು ನಿಮ್ಮದು. ನೋಡದೇ ಇರೋದಕ್ಕೆ ಸಾಕ್ಷಿ ಹಾಕಬೇಡಿ. ನೋಡಿದ್ದನ್ನ ನಿಮ್ಮದೇ ಕೈಯಲ್ಲಿ, ಕನ್ನಡದಲ್ಲೇ, ತಾರೀಖು ಹಾಕಿ ಬರೆದು ಕೊಡಿ, ಒಂದು ಪ್ರತಿ ಇಟ್ಕೊಳಿ. ಕೆಲಸ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ, ಕೊಟ್ಟರೆ ಸುಳ್ಳಾಗುತ್ತೆ. ಆದರೆ ಸೆಟ್ಟರ್ ಸರ್ ಕೇಳಿದ ಪ್ರಶ್ನೆಗೆ ಉತ್ತರ ಕೊಡಿ. ನನಗೂ ಅದು ಬೇಕು.

---

ಪ್ರೆಸ್‌ಶಾಪ್ ಪೀಣ್ಯ | 15 ಜುಲೈ, ಬೆಳಗಿನ ಜಾವ 1:20

ನಿದ್ದೆ ಬರ್ತಿಲ್ಲ. ಸೆಟ್ಟರ್ ಸರ್, ನಿಮ್ಮ ಕಣ್ಣಿಗೆ ಬಿದ್ದಿದ್ದು ಸರಿ.

ಮಾಡಿದ್ದು ನಾನು.

ಪಿನ್ ಕ್ಲಚ್ಚೇ. ಡಬಲ್ ಹೊಡೆಯೋ ರೂಢಿ ಇಲ್ಲ, ಸ್ಪ್ರಿಂಗು ಏಪ್ರಿಲಲ್ಲಿ ಹೊಸದು ಹಾಕಿಸಿದ್ದೆ. ಎರಡು ಕೈ ಬಟನ್ ಇದೆ. ಜೂನ್ ಮೊದಲ ವಾರ ಟಾರ್ಗೆಟ್ 4,800ರಿಂದ 6,000ಕ್ಕೆ ಏರಿಸಿದ್ರು. ಎರಡೂ ಕೈ ತಂದು ಒತ್ತಿದ್ರೆ ಆಗದ ಮಾತು. ಮ್ಯಾನೇಜರ್ ಹತ್ರ ಹೋಗಿ ಹೇಳ್ದೆ. "ನೀನು ಹಳಬ, ಏನಾದ್ರೂ ನೋಡ್ಕೊಳಪ್ಪ" ಅಂದ್ರು. ಅಷ್ಟೇ ಅಂದಿದ್ದು. ಬಟನ್ ತೆಗಿ ಅಂತ ಯಾರೂ ಹೇಳಲಿಲ್ಲ, ಯಾರೂ ಹೇಳೋದೂ ಇಲ್ಲ. ನಾನೇ ಪ್ಯಾನಲ್ ಬಿಚ್ಚಿ ಬಲಗಡೆ ಬಟನ್ನಿಗೆ ಎರಡಿಂಚು ಕೆಂಪು ವೈರ್ ಜಂಪರ್ ಹಾಕಿದೆ, ಅದನ್ನ ಒತ್ತದಿದ್ರೂ ಒತ್ತಿದ ಲೆಕ್ಕ. ಐದು ನಿಮಿಷದ ಕೆಲಸ. ಎಡಗೈ ಬಟನ್ ಮೇಲೆ, ಬಲಗೈ ಮಾಲು ಹಾಕೋದಕ್ಕೆ. ನಾಲ್ಕು, ಆರು, ಏಳು, ಈ ಮೂರೂ ಪ್ರೆಸ್‌ಗೆ ಹಾಗೇ ಮಾಡಿದೆ. ಹುಡುಗನಿಗೆ ಹೀಗೆ ಮಾಡು ಅಂತ ನಿಂತು ತೋರಿಸಿದ್ದೂ ನಾನೇ. ಹತ್ತು ಪೀಸ್ ಹೊಡೆದು ತೋರಿಸಿ, ಬೆನ್ನು ತಟ್ಟಿ ಬಂದೆ.

ಯಾದಗಿರಿ ಅಣ್ಣ, ನಿಮ್ಮ ಧೋಕಾ ಓದಿ ಒಂದು ಲೆಕ್ಕ ಹಾಕಿದೆ. ನನಗೆ ಬರೋ ಹಿಂದಿ ಎಷ್ಟು? ಜಲ್ದಿ ಕರೋ. ಪಕಡೋ. ರಖೋ. ಕಿತನಾ ಹುವಾ. ಓಟಿ ಕರೇಗಾ ಕ್ಯಾ. ಚಾಯ್ ಪಿಯಾ. ನಾಲ್ಕು ವರ್ಷದಲ್ಲಿ ಕಲಿತದ್ದು ಇಷ್ಟು. "ಹುಷಾರು" ಅನ್ನೋಕೆ ನನಗೆ ಮಾತೇ ಬರಲ್ಲ, ಬೇಕು ಅಂತ ಅನ್ನಿಸಿಯೇ ಇರಲಿಲ್ಲ. ರಾತ್ರಿಯೇ ಅವನ ರೂಮಿನ ಹುಡುಗನ್ನ ಕೇಳಿದೆ, ನಿಮ್ಮಲ್ಲಿ ಏನಂತೀರಿ ಅಂತ. ಸಾಬಧಾನ ಅಂದ. ನಮ್ಮ ಸಾವಧಾನವೇ. ನಮ್ಮಲ್ಲಿ ಅದಕ್ಕೆ ನಿಧಾನ ಅಂತ ಅರ್ಥ, ಆ ಪ್ರೆಸ್ ಹತ್ರ ಅದನ್ನ ಅಂದಿದ್ರೂ ಸರಿಹೋಗ್ತಿತ್ತು.

ಅವನು ದಿನಾ ಶಿಫ್ಟ್ ಶುರುವಿಗೆ ಪ್ರೆಸ್ ಮುಟ್ಟಿ ಹಣೆಗೆ ಒತ್ತಿಕೊಳ್ಳೋನು. ಸೆಪ್ಟೆಂಬರಲ್ಲಿ ವಿಶ್ವಕರ್ಮ ಪೂಜೆಗೆ ನಿಮ್ಮಲ್ಲಿ ರಜಾ ಇರುತ್ತಾ ಅಂತ ಒಂದು ಸಲ ಕೇಳಿದ್ದ. ನಮ್ಮಲ್ಲಿ ಆಯುಧಪೂಜೆಗೆ ಅಂದೆ.

ಈಗ ಹೇಳಿ ಲಾಯರಮ್ಮ. ಸತ್ಯ ಬರೆದ್ರೆ ಮೊದಲು ಬರೋದು ನನ್ನ ಹೆಸರೇ ಅಲ್ವಾ?

---

ಲಾಯರಮ್ಮ ತುಮಕೂರು | 15 ಜುಲೈ, ಬೆಳಗ್ಗೆ 6:10

ಹೌದು, ನಿಮ್ಮ ಹೆಸರು ಬರುತ್ತೆ. ಅದರ ಜೊತೆಗೇ 4,800, 6,000, "ನೋಡ್ಕೊಳಪ್ಪ" ಇವೂ ಬರಬೇಕು. ತಾರೀಖು ಸಮೇತ. ವೈರ್ ಮಾತ್ರ ಬರೆದು ಟಾರ್ಗೆಟ್ ಬಿಟ್ರೆ ಹುಡುಗನ ಜಾಗಕ್ಕೆ ನಿಮ್ಮನ್ನ ಕೂರಿಸಿ ಕೈ ತೊಳ್ಕೋತಾರೆ. ಟಾರ್ಗೆಟ್ ಬರೆದ ಬೋರ್ಡ್ ಫೋಟೋ ಇದ್ರೆ ಇಟ್ಕೊಳಿ. ಕಾನೂನಿನಲ್ಲಿ ಮೊದಲ ಹೊಣೆ ಕಾರ್ಖಾನೆ ನಡೆಸೋರು ಮತ್ತು ಮ್ಯಾನೇಜರದ್ದು. ಒಂಬತ್ತಕ್ಕೆ ಮುಂಚೆ ಫೋನ್ ಮಾಡಿ, ನಂಬರ್ ಇನ್‌ಬಾಕ್ಸಿಗೆ ಕಳಿಸಿದೀನಿ.

---

ಸಿಸ್ಟರ್ ನೈಟ್ ಶಿಫ್ಟ್ | 15 ಜುಲೈ, ಬೆಳಗ್ಗೆ 6:35

ಈ ಹುಡುಗನಿಗೆ ಇನ್ನು ಉಪಯೋಗ ಇಲ್ಲ, ಬೇರೆ ಶಾಪಿನೋರು ಓದ್ತಿರ್ತಾರೆ ಅಂತ ಬರೀತಿದೀನಿ. ತುಂಡಾದ ಬೆರಳನ್ನ ಐಸ್ ಒಳಗೆ ನೇರ ಹಾಕಬೇಡಿ, ಹಾಗೆ ತಂದ್ರೆ ಸುಟ್ಟ ಹಾಗಾಗಿರುತ್ತೆ. ಶುದ್ಧ ಬಟ್ಟೆ ಒದ್ದೆ ಮಾಡಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಆ ಕವರನ್ನ ಐಸ್ ಮೇಲಿಡಿ. ಗಾಯಕ್ಕೆ ಬಟ್ಟೆ ಒತ್ತಿ ಕೈ ಎದೆಗಿಂತ ಮೇಲೆ ಹಿಡೀರಿ. ಕಾಫಿಪುಡಿ, ಅರಿಶಿನ, ಆಯಿಲ್ ಏನೂ ಬೇಡ. ಕತ್ತರಿಸಿದ ಗಾಯ ಆದ್ರೆ ಜೋಡಿಸೋ ಅವಕಾಶ ಇರುತ್ತೆ. ಪ್ರೆಸ್‌ನಲ್ಲಿ ಜಜ್ಜಿ ಹೋದದ್ದು ಕಷ್ಟ, ನಿಮ್ಮ ಡಾಕ್ಟರು ಹೇಳಿದ್ದು ನಿಜವೇ ಇರಬೇಕು.

---

ಪ್ರೆಸ್‌ಶಾಪ್ ಪೀಣ್ಯ | 16 ಜುಲೈ, ಮಂಗಳವಾರ, ರಾತ್ರಿ 9:30

ಕೇಳಿದೋರಿಗೆಲ್ಲ ಒಟ್ಟಿಗೇ ಬರೀತೀನಿ.

ಸಹಿ ಹಾಕಲಿಲ್ಲ. ಒಂದೂವರೆ ಪುಟ ಬರೆದುಕೊಟ್ಟೆ, ವೈರ್ ಸೇರಿಸಿ, ಟಾರ್ಗೆಟ್ ಸೇರಿಸಿ. ಮ್ಯಾನೇಜರ್ ಎರಡು ಸಲ ಓದಿದ್ರು, ಡ್ರಾಯರ್ ಒಳಗಿಟ್ಟು "ಕರೆಯೋ ತನಕ ಮನೇಲಿರು" ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಮನೇಲಿ ಇನ್ನೂ ಪೂರ್ತಿ ಹೇಳಿಲ್ಲ, ಮೊಹರಂ ರಜೆ ಸೇರಿಸಿ ಕೊಟ್ಟಿದಾರೆ ಅಂದಿದೀನಿ.

ಸಂಜೆ ಹುಡುಗನ ರೂಮಿಗೆ ಹೋಗಿದ್ದೆ. ಯುಪಿಐ ಪಟ್ಟಿ ತೆಗೆಸಿದೀವಿ, ಐದು ತಿಂಗಳದ್ದೂ ಇದೆ. ವೈರ್ ನಾನೇ ಹಾಕಿದ್ದು ಅಂತ ಅವನಿಗೆ ಹೇಳಬೇಕಿತ್ತು, ರೂಮಿನ ಹುಡುಗ ಒಡಿಯಾದಲ್ಲಿ ಹೇಳಿದ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡ್ದ. ಆಮೇಲೆ ಏನೋ ಕೇಳ್ದ. ಬೈತಿದಾನೆ ಅಂದ್ಕೊಂಡೆ. ಗುರುವಾರದ ಪೀಸ್ ಬರೆದುಕೊಂಡಿದೀರಾ ಅಂತ ಕೇಳಿದ್ದಂತೆ. ಕೌಂಟರ್ 3,114ಕ್ಕೆ ನಿಂತಿತ್ತು. ಬರೆದಿದೀನಿ ಅಂದೆ.

ರಾತ್ರಿ ಎಂಟಕ್ಕೆ ಓನರ್ ಮಗ ಫೋನ್ ಮಾಡಿದ್ದ. ಯಾವ ಯಾವ ಪ್ರೆಸ್‌ನಲ್ಲಿ ವೈರ್ ಇದೆ ಕೇಳ್ದ, ಹೇಳ್ದೆ. ಗಾರ್ಡ್ ಮಾಡಿಸೋಕೆ ಎಷ್ಟಾಗುತ್ತೆ ಅಂತ ಕೇಳಿ ಇಟ್ಟುಬಿಟ್ಟ. ನನ್ನ ಕೆಲಸದ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಸೆಟ್ಟರ್ ಸರ್, ಡ್ರಾಯಿಂಗ್ ಮಾಡಿಕೊಡ್ತೀನಿ ಅಂದಿದ್ರಲ್ಲ, ಅಳತೆ ತಗೊಳಿ. ನಾಲ್ಕನೇ ಪ್ರೆಸ್, ಶೀಟು 1.6, ಡೈ ಸೆಟ್ 240ಕ್ಕೆ 180, ಸ್ಟ್ರೋಕ್ 50, ಎಲ್ಲ ಮಿಲಿಮೀಟರಲ್ಲಿ. ಬಿಡಿ ಬ್ಲಾಂಕ್, ಮುಂದಿನಿಂದ ಹಾಕೋದು. ಆರು ಮತ್ತೆ ಏಳರದ್ದು ನೆನಪಿಂದ ಬರೆದ್ರೆ ತಪ್ಪಾಗುತ್ತೆ, ಫಸ್ಟ್ ಶಿಫ್ಟಿನೋನಿಗೆ ಟೇಪ್ ಹಿಡಿದು ನೋಡು ಅಂದಿದೀನಿ, ನಾಳಿದ್ದು ಹಾಕ್ತೀನಿ.